ನಾಗವೇಣಿ ಟೀವಿಯಲ್ಲಿ ಬಂದ ಭಾನುವಾರ

ವೈರು ಎಂದರೆ ಏನು? ಎರಡು ತುದಿ ಇರುವ ದಾರ. ಒಂದು ತುದಿ ಇಲ್ಲಿ, ಇನ್ನೊಂದು ಅಲ್ಲಿ. ಇದರಲ್ಲಿ ಅರ್ಥವಾಗದ್ದೇನಿದೆ ಎಂಬುದು ಮೊನ್ನೆ ಮೊನ್ನೆಯವರೆಗೂ ನನ್ನ ದೃಢವಾದ ನಂಬಿಕೆಯಾಗಿತ್ತು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಅಂಗಡಿ ನಡೆಸುತ್ತ, ಗಾಣದ ಮೋಟಾರಿನ ಸದ್ದು ಕೇಳಿಯೇ ಅದರ ಆರೋಗ್ಯ ಹೇಳಬಲ್ಲ ನಾನು ಮನೆಯ ಟೀವಿಗೆ ಹೆದರುವುದುಂಟೆ!

ನಮ್ಮ ಮನೆಯಲ್ಲಿ ಮೊದಲು ಕೇಬಲ್ ಇತ್ತು. ಗಾಳಿ ಬೀಸಿದರೆ ಚಿತ್ರ ಹೋಗುತ್ತಿತ್ತು, ದನಿ ಉಳಿಯುತ್ತಿತ್ತು. ಮಳೆ ನಮ್ಮೂರಿಗೆ ಅಪರೂಪದ ಅತಿಥಿ. ಅದು ಬಂದ ದಿನ ದನಿಯೂ ಹೋಗುತ್ತಿತ್ತು. ಕೇಬಲ್ಲಿನವನಿಗೆ ಫೋನ್ ಮಾಡಿದರೆ, "ಐದೇ ನಿಮಿಷ ಸಾರ್, ನಿಮ್ ಬೀದೀಲೇ ಇದೀನಿ" ಎನ್ನುತ್ತಿದ್ದ. ಅವನು ಹೇಳಿದ್ದೆಲ್ಲ ನಿಜವಾಗಿದ್ದರೆ ನಮ್ಮ ಬೀದಿಯಲ್ಲಿ ನನಗಿಂತ ಅವನೇ ಹೆಚ್ಚು ವಾಸವಿದ್ದ. ಆದರೆ ಒಂದು ದಿನವೂ ಕಣ್ಣಿಗೆ ಬೀಳಲಿಲ್ಲ.

ಕೊನೆಗೆ ಸ್ವಾಭಿಮಾನ ಕೆರಳಿ ಕೇಬಲ್ ಬಿಡಿಸಿ ಇಂಟರ್ನೆಟ್ ಹಾಕಿಸಿದೆ. "ಇನ್ನು ಲೋಕದ ಚಾನೆಲ್ಲುಗಳೆಲ್ಲ ಈ ಡಬ್ಬಿಯಿಂದಲೇ ಬರ್ತವೆ" ಎಂದು ಹೆಂಡತಿ ನಾಗವೇಣಿಯ ಮುಂದೆ ಘೋಷಿಸಿದೆ. ಲೋಕ ಬರಲಿಲ್ಲ. ಟೀವಿಯ ನಡುವೆ ಒಂದು ಚಕ್ರ ಬಂತು. ಅದು ತಿರುಗುತ್ತಿತ್ತು. ಊಟ ಮುಗಿಸಿ ಕೈ ತೊಳೆದು ಬಂದರೂ ತಿರುಗುತ್ತಿತ್ತು.

"ಏನ್ರೀ ಇದು, ರಾಟೆ ತರ?" ಎಂದಳು ನಾಗವೇಣಿ. ಅವಳು ಮೊಳಕಾಲ್ಮೂರಿನವಳು. ಸೀರೆ ನೇಯುವ ಊರಿನಲ್ಲಿ ಹುಟ್ಟಿದವಳಿಗೆ ತಿರುಗುವುದೆಲ್ಲ ರಾಟೆಯೇ.

"ಅದು ಲೋಡಿಂಗು. ತಾಳ್ಮೆ ಬೇಕು."

"ತಾಳ್ಮೆ ಐತ್ರೀ. ರಾಟೆ ತಿರುಗಿದ್ರೆ ನೂಲಾದ್ರೂ ಬರ್ತಿತ್ತು."

ಹೀಗೆ ಕಾಲ ಸಾಗುತ್ತಿರುವಾಗ ನಮ್ಮ ಜಿಲ್ಲೆಯ ಕೇಬಲ್ ಚಾನೆಲ್ಲಿನವರು ಒಂದು ಅಡುಗೆ ಕಾರ್ಯಕ್ರಮಕ್ಕೆ ನಾಗವೇಣಿಯನ್ನು ಕರೆದರು. ಅವಳ ಶೇಂಗಾ ಹೋಳಿಗೆಯ ಕೀರ್ತಿ ಯಾರ ಬಾಯಿಂದಲೋ ಅವರ ಕಿವಿಗೆ ಬಿದ್ದಿತ್ತು. ಚಿತ್ರದುರ್ಗಕ್ಕೆ ಹೋಗಿ, ಹೋಳಿಗೆ ಮಾಡಿ ತೋರಿಸಿ ಬಂದಳು. ಅಲ್ಲಿ ಏನು ಮಾತಾಡಿದೆ ಎಂದು ಕೇಳಿದರೆ, "ಟೀವೀಲೇ ನೋಡ್ರಿ" ಎಂದು ನಕ್ಕಳು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪ್ರಸಾರ. ಸಂಜೆ ನಾಲ್ಕಕ್ಕೆ ಮರುಪ್ರಸಾರ.

ನನ್ನ ಹೆಂಡತಿ ತನಗಾಗಿ ಏನನ್ನೂ ಕೇಳುವವಳಲ್ಲ. ಆ ವಾರ ಮಾತ್ರ ಕೇಳಿದಳು. "ರೀ, ಎಲ್ಲಾ ಕೂತು ನೋಡೋ ಹಂಗೆ ಮಾಡ್ತೀರಾ?"

"ಮಾಡ್ತೀರಾ ಅಂತ ಕೇಳ್ಬೇಡ. ಆಯ್ತು ಅನ್ಕೋ!" ಎಂದೆ. ಬೀದಿಗೆಲ್ಲ ಆಹ್ವಾನ ಕೊಟ್ಟವನೂ ನಾನೇ.

ಭಾನುವಾರ ನಮ್ಮ ನಡುಮನೆ ತುಂಬಿತು. ಪಕ್ಕದ ಮನೆಯ ಗೌರಜ್ಜಿ ಎಲೆ ಅಡಿಕೆ ಸಂಚಿಯೊಂದಿಗೆ ಮೊದಲ ಸಾಲಿನಲ್ಲಿ ಕೂತಳು. ಎದುರು ಮನೆಯ ಮೆಕ್ಯಾನಿಕ್ ರಹಮತ್ ಭಾಯಿ, ಅವರ ಹೆಂಡತಿ ಶಮೀಮಕ್ಕ ಬಂದರು. ನಾಗವೇಣಿ ತನ್ನ ತವರಿನ ರೇಷ್ಮೆ ಸೀರೆ ಉಟ್ಟಿದ್ದಳು. ಟೀವಿಯೊಳಗೂ ಅದೇ ಸೀರೆಯಂತೆ.

ನಾನು ರಿಮೋಟು ಹಿಡಿದು ಚಾನೆಲ್ ಹುಡುಕಿದೆ. ಜಪಾನಿನ ಅಡುಗೆ ಸಿಕ್ಕಿತು. ಆಫ್ರಿಕಾದ ಆನೆ ಸಿಕ್ಕಿತು. ನಮ್ಮ ಜಿಲ್ಲೆ ಸಿಗಲಿಲ್ಲ. ಆಗ ಹೊಳೆಯಿತು: ಅದು ಕೇಬಲ್ ಚಾನೆಲ್ಲು. ಕೇಬಲ್ಲಿನಲ್ಲಿ ಮಾತ್ರ ಬರುತ್ತದೆ!

ಈ ಸತ್ಯವನ್ನು ಸಭೆಗೆ ತಿಳಿಸುವ ಧೈರ್ಯವಾಗದೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆ. ಒಬ್ಬಳು ಹೆಣ್ಣುಮಗಳು ಜೇನಿನಂಥ ದನಿಯಲ್ಲಿ, "ನಿಮ್ಮ ಕರೆ ನಮಗೆ ಅತ್ಯಮೂಲ್ಯ" ಎಂದಳು. ನನಗೆ ಸಂತೋಷವಾಯಿತು. ಮತ್ತೆ ಅದನ್ನೇ ಎಂದಳು. ಮೂರನೆಯ ಸಲ ಕೇಳುವಾಗ ಅದು ಯಂತ್ರ ಎಂದು ಗೊತ್ತಾಯಿತು. ಅದೇ ಯಂತ್ರ ಡಬ್ಬಿಯನ್ನು ಒಮ್ಮೆ ಆರಿಸಿ ಹಾಕಲು ಹೇಳಿತು. ಇಷ್ಟು ಸಣ್ಣ ಉಪಾಯ ನನಗೆ ಸಾಲಲಿಲ್ಲ. ಡಬ್ಬಿಯ ಹಿಂದೆ ಒಂದು ಸಣ್ಣ ತೂತಿತ್ತು. ನಾಗವೇಣಿಯ ಸೆರಗಿನ ಪಿನ್ನು ಇಸಿದುಕೊಂಡು ಅದರೊಳಗೆ ಒತ್ತಿದೆ.

ಡಬ್ಬಿಗೆ ಮರೆವು ಬಂತು. ನಾನು ಯಾರು, ಪಾಸ್‌ವರ್ಡ್ ಏನು, ಎಲ್ಲ ಮರೆಯಿತು. ಕೆಂಪು ದೀಪ ಹತ್ತಿಸಿಕೊಂಡು ಕೂತಿತು. ಆನೆಯೂ ಹೋಯಿತು.

"ಅರೆ ಭಾಯ್, ನಮ್ಮನೇಗೆ ಬರ್ರಿ, ಕೇಬಲ್ ಐತೆ. ಚಾಯ್ ಕುಡ್ಕಂತ ನೋಡಣ" ಎಂದರು ರಹಮತ್ ಭಾಯಿ.

ಇದಕ್ಕಿಂತ ಒಳ್ಳೆಯ ಮಾತು ಆ ದಿನ ಯಾರೂ ಆಡಲಿಲ್ಲ. ಎದ್ದು ಹತ್ತು ಹೆಜ್ಜೆ ನಡೆದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಕರೆದ ಅತಿಥಿಗಳು ಇನ್ನೊಬ್ಬರ ಮನೆಯಲ್ಲಿ ಕೂರುವುದೆ? "ನಮ್ಮ ಹಳೇ ಕೇಬಲ್ ವೈರು ಮಹಡಿ ಮೇಲೇ ಐತೆ. ಜೋಡಿಸಿದ್ರೆ ಆತು!" ಎಂದು ಕತ್ತರಿ ಹಿಡಿದು ಮೆಟ್ಟಿಲು ಹತ್ತಿದೆ.

ಮಹಡಿಯ ಮೇಲೆ ವೈರುಗಳು ಶ್ಯಾವಿಗೆಯಂತೆ ಬಿದ್ದಿದ್ದವು. ನಮ್ಮದು ಯಾವುದು? ಎಲ್ಲವೂ ಕಪ್ಪು. ಒಂದು ಮಾತ್ರ ಉಳಿದವಕ್ಕಿಂತ ದಪ್ಪಗಿತ್ತು. ದಪ್ಪಗಿರುವುದರಲ್ಲಿ ಚಾನೆಲ್ಲುಗಳು ಹೆಚ್ಚು ಬರುತ್ತವೆ ಎಂಬ ಸರಳ ತರ್ಕದಿಂದ ಅದನ್ನು ಕಚಕ್ಕನೆ ಕತ್ತರಿಸಿ, ಅದರ ತುದಿಗೆ ನಮ್ಮ ಮನೆಯೊಳಗೆ ಇಳಿಯುವ ವೈರನ್ನು ಹೊಸೆದೆ.

"ಬಂತಾ?" ಎಂದು ಕೂಗಿದೆ.

ಉತ್ತರ ಕೆಳಗಿನಿಂದ ಬರಲಿಲ್ಲ. ಸುತ್ತಲಿಂದ ಬಂತು! "ಅಯ್ಯೋ, ಟೀವಿ ಹೋತು!" "ನಿಮ್ಮನೇಲೂ ಹೋತಾ?" "ಲೇ, ಯಾರಲೇ ಅದು ಮೇಲೆ?" ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಾಗಿಲುಗಳು ತೆರೆದುಕೊಂಡವು. ಕತ್ತರಿ ಹಿಡಿದು ಆಕಾಶದ ಹಿನ್ನೆಲೆಯಲ್ಲಿ ನಿಂತಿದ್ದ ನಾನು ಎಲ್ಲರಿಗೂ ಸ್ಪಷ್ಟವಾಗಿ ಕಾಣುತ್ತಿದ್ದೆ. ಆ ದಿನ ನಮ್ಮ ಬೀದಿಯಲ್ಲಿ ಸ್ಪಷ್ಟವಾಗಿ ಕಂಡ ಚಿತ್ರ ಅದೊಂದೇ.

"ಏ ಬಸಣ್ಣ, ನನ್ ಧಾರಾವಾಹಿ ಎಲ್ಲೋ?" ಎಂದು ಗೌರಜ್ಜಿ ಕೆಳಗಿನಿಂದ ಕೂಗಿದಳು, ನಾನೇನೋ ಅದನ್ನು ಜೇಬಿನಲ್ಲಿ ಹಾಕಿಕೊಂಡವನಂತೆ.

ಕೇಬಲ್ಲಿನವನಿಗೆ ಫೋನ್ ಮಾಡಿದೆ. "ದಪ್ಪನೇದು ಕತ್ತರಿಸಿದ್ರಾ? ಸಾರ್, ಅದು ಇಡೀ ಏರಿಯಾದ ಲೈನು! ನಮ್ಮ ಹುಡುಗ್ರು ಮದ್ವೆಗೆ ಹೋಗವ್ರೆ. ನಾಳೆ ನೋಡಣ" ಎಂದ. ತಾನು ನಮ್ಮ ಬೀದಿಯಲ್ಲಿ ಇಲ್ಲ ಎಂದು ಅವನು ಜೀವನದಲ್ಲಿ ಮೊದಲ ಸಲ ಒಪ್ಪಿಕೊಂಡಿದ್ದ.

ಕೆಳಗಿಳಿದು ಬರುವಷ್ಟರಲ್ಲಿ ಹತ್ತೂವರೆ ದಾಟಿತ್ತು. ನಾಗವೇಣಿ ಕಪ್ಪಾದ ಟೀವಿಯನ್ನೇ ನೋಡುತ್ತ ಕೂತಿದ್ದಳು. ಬೈದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ಅವಳು ಬೈಯಲಿಲ್ಲ. ಕಣ್ಣು ಮಾತ್ರ ತುಂಬಿತ್ತು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಮೊಳಕಾಲ್ಮೂರಿನಿಂದ ಅತ್ತೆ. ಆ ಗಡಿಯ ಊರಿನಲ್ಲಿ ಕನ್ನಡ ತೆಲುಗು ಎರಡೂ ಒಂದೇ ಒಲೆಯಲ್ಲಿ ಬೇಯುತ್ತವೆ.

"ಏಮೇ ವೇಣಿ, ಎಂಥ ಚಂದ ಕಾಣ್ತಿದ್ದೆಯೇ! ಬೀದಿಯೋರೆಲ್ಲಾ ಬಂದಿದ್ರು. ನೀನು ನೋಡಿದ್ಯಾ?"

"ಇಲ್ಲವ್ವ" ಎಂದಳು. ಕಾರಣ ಹೇಳಲಿಲ್ಲ. ಫೋನಿಟ್ಟು ಒಳಗೆ ಹೋಗಿ ಚೀಲ ತಂದಳು. ಅದರಲ್ಲಿ ಒಂದು ದೊಡ್ಡ ಸ್ಟೀಲ್ ಡಬ್ಬಿ ಇಟ್ಟಳು.

"ನಾನು ಅವ್ವನ ಮನೇಗೆ ಹೋಗ್ತೀನಿ."

ಒಂದು ವೈರಿನಿಂದ ಸಂಸಾರವೇ ಕತ್ತರಿಸಿಹೋಯಿತೆ! "ನಾಗವೇಣಿ, ದುಡುಕಬೇಡ. ಹಿರಿಯರ ಮುಂದೆ ಕೂತು ಮಾತಾಡೋಣ…" ಎಂದು ತೊದಲಿದೆ.

"ಟೀವಿ ನೋಡೋಕೆ ಕಣ್ರೀ! ನಾಲ್ಕಕ್ಕೆ ಇನ್ನೊಂದ್ಸಲ ಹಾಕ್ತಾರಲ್ಲ!"

ಆ ಕ್ಷಣ ನನಗಾದ ಸಮಾಧಾನವನ್ನು ಯಾರಿಗೂ ವಿವರಿಸಲಾರೆ. ರಹಮತ್ ಭಾಯಿ ಆಗಲೇ ಎದ್ದಿದ್ದರು. "ಬಸ್ಸು ಯಾಕ್ರಿ ಭಾಭಿ? ನಮ್ ವ್ಯಾನ್ ಐತೆ. ಎಲ್ಲಾರೂ ಹೋಗಣ. ಫಿಕರ್ ಬ್ಯಾಡ." ಊಟ ಮುಗಿಸಿ ಶಮೀಮಕ್ಕ, ಗೌರಜ್ಜಿ, ನಾಗವೇಣಿ ಹಿಂದೆ ಕೂತರು. ನಾನು ಮುಂದೆ ಕೂತೆ. ಹಿಂದೆ ಕೂತಿದ್ದರೆ ಚೆನ್ನಾಗಿತ್ತು.

ಯಾಕೆಂದರೆ ಊರು ದಾಟುತ್ತಲೇ ನನ್ನ ಬುದ್ಧಿ ಮತ್ತೆ ಚುರುಕಾಯಿತು. "ಭಾಯ್, ತಳಕಿನ ರಸ್ತೇಲಿ ಲಾರಿ ಜಾಸ್ತಿ. ವರವು ಕಾವಲ್ ಹುಲ್ಲುಗಾವಲಿನ ನಡುವೆ ಒಂದು ಬಂಡಿದಾರಿ ಐತೆ. ಚಿಕ್ಕವನಿದ್ದಾಗ ಸೈಕಲ್ಲಲ್ಲಿ ಹೋಗ್ತಿದ್ದೆ. ಅರ್ಧ ಗಂಟೆ ಉಳೀತದೆ!"

ಕಾವಲಿನ ಹುಲ್ಲು ಮೊದಲಿನಂತೆಯೇ ಇತ್ತು. ಬಂಡಿದಾರಿಯೂ ಇತ್ತು. ಅದು ನೇರವಾಗಿ ಹೋಗಿ ಒಂದು ಗೋಡೆಗೆ ಮುಟ್ಟಿ ನಿಂತಿತು. ಸಾಧಾರಣ ಗೋಡೆಯಲ್ಲ. ಎಡಕ್ಕೆ ನೋಡಿದರೂ ಕೊನೆಯಿಲ್ಲ, ಬಲಕ್ಕೆ ನೋಡಿದರೂ ಕೊನೆಯಿಲ್ಲ. ಗೋಡೆಯ ಪಕ್ಕದಲ್ಲೇ ಸಾಗಿ, ರಕ್ಷಣಾ ಸಂಶೋಧನಾ ಸಂಸ್ಥೆಯ ಬೋರ್ಡಿದ್ದ ಒಂದು ಗೇಟಿನ ಮುಂದೆ ತಲುಪಿದೆವು. ಬಂದೂಕು ಹಿಡಿದ ಕಾವಲುಗಾರ ಬಂದು ಹಿಂದಿಯಲ್ಲಿ, ಎಲ್ಲಿಗೆ ಎಂದು ಕೇಳಿದ.

"ಮೊಳಕಾಲ್ಮೂರು ಜಾನಾ ಹೈ ಸಾಬ್. ಟೀವಿ ದೇಖ್ನೇ" ಎಂದರು ರಹಮತ್ ಭಾಯಿ.

ಕಾವಲುಗಾರ ವ್ಯಾನಿನೊಳಗೆ ಬಗ್ಗಿ ನೋಡಿದ. ಟೀವಿ ನೋಡಲು ಊರೂರು ಅಲೆಯುವ ಜನ ಅವನ ತರಬೇತಿಯಲ್ಲಿ ಎಲ್ಲೂ ಬಂದಿರಲಿಕ್ಕಿಲ್ಲ. ನಾನು ಸಹಾಯಕ್ಕೆಂದು ಬಾಯಿ ಹಾಕಿ, ನನಗೆ ಬರುವ ಹಿಂದಿಯಲ್ಲಿ, "ಮೇರಾ ಬೀವಿ ಟೀವಿ ಕೆ ಅಂದರ್ ಹೈ" ಎಂದೆ, ಹೆಂಡತಿ ಟೀವಿಯೊಳಗಿದ್ದಾಳೆ ಅಂತ. ಅವನು ಹಿಂದೆ ಕೂತಿದ್ದ ನಾಗವೇಣಿಯನ್ನು ನೋಡಿದ. ನನ್ನನ್ನು ನೋಡಿದ. ಕೊನೆಗೆ ನಮ್ಮಿಂದ ದೇಶಕ್ಕೆ ಅಪಾಯವಿಲ್ಲ ಎಂದು ತೀರ್ಮಾನಿಸಿ, ಪಾಪ, ಡಾಂಬರು ರಸ್ತೆಯ ಕಡೆ ಕೈ ತೋರಿಸಿ ಕಳಿಸಿದ.

"ಗೋಡೆ ನನಗೆ ಗೊತ್ತಿರಲಿಲ್ಲ" ಎಂದೆ.

"ಊರಿಗೆಲ್ಲಾ ಗೊತ್ತೈತ್ರೀ" ಎಂದಳು ನಾಗವೇಣಿ.

ಸುತ್ತಿ ಸುತ್ತಿ ತಳಕು ತಲುಪುವಾಗ ನಾಲ್ಕಕ್ಕೆ ಸ್ವಲ್ಪವೇ ಬಾಕಿ. ಮೊಳಕಾಲ್ಮೂರು ಇನ್ನೂ ದೂರ. ರಸ್ತೆ ಪಕ್ಕದ ಒಂದು ಹೋಟೆಲಿನಲ್ಲಿ ಟೀವಿ ಕಂಡದ್ದೇ, "ನಿಲ್ಸಿ ಭಾಯ್!" ಎಂದು ಇಳಿದು ಓಡಿದೆ.

ಹೋಟೆಲಿನಲ್ಲಿ ಜನ ಕಿಕ್ಕಿರಿದಿದ್ದರು. ಕ್ರಿಕೆಟ್ಟು! ಅದೂ ಕೊನೆಯ ಓವರುಗಳು. ಯಜಮಾನ ತಿಪ್ಪೇಸ್ವಾಮಿಯ ಮುಂದೆ ಕೈಮುಗಿದು, "ಸ್ವಾಮಿ, ದಯವಿಟ್ಟು ಚಾನೆಲ್ ಬದಲಾಯಿಸ್ರಿ. ನನ್ ಹೆಂಡ್ತಿ ಟೀವೀಲಿ ಬರ್ತಾಳೆ" ಎಂದೆ.

ಮೂಲೆಯಿಂದ ಒಬ್ಬ ಕೂಗಿದ: "ನಮ್ ಹೆಂಡ್ತೀರಿಂದ ತಪ್ಪಿಸ್ಕೊಂಡು ಇಲ್ಲಿ ಕೂತಿದೀವಿ, ನಿಮ್ ಹೆಂಡ್ತೀನ ನೋಡ್ಬೇಕೇನ್ರಿ?"

ಹೋಟೆಲೆಲ್ಲ ನಕ್ಕಿತು. ನಾನು ಬಾಗಿಲಿನತ್ತ ತಿರುಗಿದೆ. ಅಲ್ಲಿ ನಾಗವೇಣಿ ನಿಂತಿದ್ದಳು, ರೇಷ್ಮೆ ಸೀರೆಯಲ್ಲಿ, ಕೈಯಲ್ಲಿ ಡಬ್ಬಿ ಹಿಡಿದು. ಅವಳು ಯಾರನ್ನೂ ಬೇಡಲಿಲ್ಲ. ಮುಚ್ಚಳ ತೆಗೆದಳು, ಅಷ್ಟೇ. ಬೆಲ್ಲ, ಹುರಿದ ಶೇಂಗಾ, ತುಪ್ಪದ ಘಮ ಫ್ಯಾನಿನ ಗಾಳಿಗೆ ಹೋಟೆಲನ್ನೆಲ್ಲ ಸುತ್ತಿತು.

"ಅವ್ವಂಗೆ ಅಂತ ತಂದಿದ್ದು. ತಗೊಳ್ರಣ್ಣ" ಎಂದು ಮೊದಲ ಹೋಳಿಗೆಯನ್ನು ಮೂಲೆಯವನ ಕೈಗೇ ಇಟ್ಟಳು.

ಅವನು ಒಂದು ಕಚ್ಚು ಕಚ್ಚಿದ. ಕಣ್ಣು ಮುಚ್ಚಿದ. ತೆರೆದು, "ತಿಪ್ಪೇಸ್ವಾಮಿ, ಹಾಕಯ್ಯ ಅಕ್ಕಾರ ಚಾನೆಲ್ಲು! ಆಟ ನಾಳೆನೂ ಇರ್ತದೆ!" ಎಂದ.

ಟೀವಿಯಲ್ಲಿ ನಾಗವೇಣಿ ಬಂದಳು. ಎಷ್ಟು ಸಲೀಸಾಗಿ ಮಾತಾಡುತ್ತಿದ್ದಳು! ಮನೆಯಲ್ಲಿ ನನ್ನ ಮಾತಿನ ನಡುವೆ ಅವಳಿಗೆ ಜಾಗವೇ ಸಿಕ್ಕಿರಲಿಲ್ಲವೇನೋ. ಗೌರಜ್ಜಿ ಒಮ್ಮೆ ಟೀವಿಯ ನಾಗವೇಣಿಯನ್ನು, ಒಮ್ಮೆ ಬೆಂಚಿನ ಮೇಲಿನ ನಾಗವೇಣಿಯನ್ನು ನೋಡಿ ತಾಳೆ ಹಾಕುತ್ತಿದ್ದಳು. ಶಮೀಮಕ್ಕ ಅವಳ ಕೈ ಹಿಡಿದುಕೊಂಡಿದ್ದರು. ಕಾರ್ಯಕ್ರಮ ನಡೆಸುವ ಹುಡುಗಿ ಕೊನೆಗೆ ಕೇಳಿದಳು: "ಮೇಡಂ, ಈ ರುಚಿಯ ಗುಟ್ಟೇನು? ನಿಮ್ಮ ಯಜಮಾನ್ರು ಸಹಾಯ ಮಾಡ್ತಾರಾ?"

"ಅವರ ಸಹಾಯಾನೇ ಗುಟ್ಟು" ಎಂದಳು ಟೀವಿಯ ನಾಗವೇಣಿ. ನಾನು ಎದೆ ಉಬ್ಬಿಸಿದೆ. "ಒಂದ್ಸಲ ನಮ್ ಮಿಕ್ಸಿ ರಿಪೇರಿ ಮಾಡಿದ್ರು. ಅವತ್ತಿಂದ ನಾನು ಒಳಕಲ್ಲಲ್ಲೇ ಕುಟ್ಟೋದು. ಅದ್ಕೇ ಹೂರಣ ಇಷ್ಟು ರುಚಿ ನೋಡ್ರಿ!"

ಹೋಟೆಲು ಬಿದ್ದು ಬಿದ್ದು ನಕ್ಕಿತು. "ಯಾರ್ರೀ ಆ ರಿಪೇರಿ ಯಜಮಾನ್ರು?" ಎಂದು ಯಾರೋ ಕೇಳಿದರು. ರಹಮತ್ ಭಾಯಿ, ಶಮೀಮಕ್ಕ, ಗೌರಜ್ಜಿ, ಮೂವರೂ ಒಂದೇ ಸಲ ನನ್ನ ಕಡೆ ಬೆರಳು ಮಾಡಿದರು. ಅದೇ ಹೊತ್ತಿಗೆ ಟೀವಿಯ ಚಿತ್ರ ಸ್ವಲ್ಪ ನಡುಗಿತು. ಅಭ್ಯಾಸಬಲದಿಂದ ನಾನು ವೈರು ನೋಡಲು ಎದ್ದೆ. "ಸಾರ್, ಕೂತ್ಕಳ್ರಿ!" ಎಂದು ಇಡೀ ಹೋಟೆಲು ಕೂಗಿತು. ಕೂತೆ. ಚಿತ್ರ ತಾನಾಗಿಯೇ ಸರಿಹೋಯಿತು.

ತಿಪ್ಪೇಸ್ವಾಮಿ ನಮ್ಮೆಲ್ಲರಿಗೂ ಚಹಾ ಕೊಟ್ಟು, ಹೋಳಿಗೆ ತಿಂದ ಮೇಲೆ ಲೆಕ್ಕವೆಂಥದು ಎಂದು ಬೀಳ್ಕೊಟ್ಟ. ಬರಿದಾದ ಡಬ್ಬಿಯೊಂದಿಗೆ ನಾವು ಮೊಳಕಾಲ್ಮೂರಿನ ಕಡೆ ಹೊರಟೆವು.

"ನನ್ನಿಂದ ನಿನ್ನ ದಿನ ಹಾಳಾಯ್ತು" ಎಂದೆ, ಈ ಸಲ ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತು.

"ಎಲ್ಲಿ ಹಾಳಾತ್ರೀ? ಮನೇಲಿ ಆಗಿದ್ರೆ ನಾಲ್ಕು ಜನ ನೋಡ್ತಿದ್ರು. ಇಲ್ಲಿ ಕ್ರಿಕೆಟ್ ಬಿಟ್ಟು ನೋಡಿದ್ರಲ್ಲ!" ಎಂದು ಕಿಟಕಿಯ ಕಡೆ ಮುಖ ಮಾಡಿ ನಕ್ಕಳು. ವೈರು ಕತ್ತರಿಸಿದ್ದಕ್ಕೆ ಬೈಯದ ಬೀದಿ, ಕೇಳದೆಯೇ ವ್ಯಾನು ತೆಗೆದ ಗೆಳೆಯ, ಗೆಲ್ಲುವ ಆಟ ಬಿಟ್ಟುಕೊಟ್ಟ ಹೋಟೆಲು, ಇಷ್ಟೆಲ್ಲದರ ನಂತರವೂ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದ ಹೆಂಡತಿ! ನಾನು ಯಾವ ಪುಣ್ಯ ಮಾಡಿದ್ದೆನೋ. ರಿಪೇರಿ ಕೆಲಸದಲ್ಲಂತೂ ಮಾಡಿರಲಿಲ್ಲ.

ಮರುದಿನ ಕೇಬಲ್ಲಿನವನು ನಿಜವಾಗಿಯೂ ನಮ್ಮ ಬೀದಿಗೆ ಬಂದ. ದಪ್ಪ ವೈರು ಜೋಡಿಸಿ, ನಮ್ಮ ಮನೆಗೂ ಮತ್ತೆ ಕೇಬಲ್ ಕೊಟ್ಟ. ಇಂಟರ್ನೆಟ್ಟಿನವನೂ ಬಂದು ಡಬ್ಬಿಗೆ ನೆನಪು ಮರಳಿಸಿದ. ಅಂದಿನಿಂದ ಎರಡೂ ಚೆನ್ನಾಗಿ ಬರುತ್ತಿವೆ. ಗಾಳಿಗೂ ಹೋಗಿಲ್ಲ, ಮಳೆಗೂ ಹೋಗಿಲ್ಲ. ಇಬ್ಬರೂ ಒಳ್ಳೆಯ ಕೆಲಸಗಾರರೇ ಇರಬೇಕು. ಆದರೆ ಬೀದಿಯವರು ಈ ಯಶಸ್ಸಿಗೆ ಬೇರೆ ಕಾರಣ ಹೇಳುತ್ತಾರೆ. ನಮ್ಮ ಮಹಡಿಯ ಬಾಗಿಲಿಗೆ ಈಗ ಬೀಗ ಬಿದ್ದಿದೆ. ಬೀಗದ ಕೈ ಗೌರಜ್ಜಿಯ ಹತ್ತಿರ ಇದೆ. ಹಪ್ಪಳ ಒಣಗಿಸಲು ಹೋಗಬೇಕಾದರೂ ನಾಗವೇಣಿ ಹೋಗಿ ಕೇಳಿದರೆ ಮಾತ್ರ ಕೊಡುತ್ತಾಳೆ. ನಾನು ಹೋಗಿ ಕೇಳಿದರೆ, ಅಜ್ಜಿಗೆ ಕಿವಿ ಕೇಳಿಸುವುದಿಲ್ಲ!