ಹುಳದ ಮಾತ್ರೆ ಕೊಟ್ಟ ದಿನಗಳು

ಜ್ವರ ಬಂದರೆ ಜನ ಊರಿಗೆಲ್ಲ ಹೇಳುತ್ತಾರೆ. ಶೀತವಾದರೆ ಹೇಳಬೇಕಾಗಿಯೇ ಇಲ್ಲ, ಮೂಗೇ ಹೇಳುತ್ತದೆ. ಆದರೆ ಮಗುವಿಗೆ ಹುಳದ ಉಪದ್ರ ಶುರುವಾಯಿತೆಂದರೆ ಮನೆಯವರೆಲ್ಲ ಧ್ವನಿ ತಗ್ಗಿಸುತ್ತಾರೆ. ಅವರು ತಗ್ಗಿಸಿದ್ದನ್ನು ಮಗು ಏರಿಸುತ್ತದೆ. ಕಾಸರಗೋಡಿನ ಹತ್ತಿರದ ಬೋವಿಕಾನದಿಂದ ಸ್ವಲ್ಪ ಒಳಗೆ ಒಂದು ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಟೀಚರಾಗಿದ್ದು ಮೊನ್ನೆಯಷ್ಟೇ ನಿವೃತ್ತಳಾದೆ. ಎಷ್ಟು ಮಕ್ಕಳಿಗೆ ಅಕ್ಷರ ಕಲಿಸಿದೆನೋ ನೆನಪಿಲ್ಲ, ಹುಳದ ಮಾತ್ರೆ ತಿನ್ನಿಸಿದ್ದು ಮಾತ್ರ ಚೆನ್ನಾಗಿ ನೆನಪುಂಟು. ಈಗ ಬೆಳಿಗ್ಗೆ ಹತ್ತು ಗಂಟೆಗೆ ಕೆಲಸವಿಲ್ಲದೆ ಜಗಲಿಯಲ್ಲಿ ಕೂತರೆ ಆ ನೆನಪುಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ, ಮಕ್ಕಳು ಉಪ್ಪಿಟ್ಟಿಗೆ ತಟ್ಟೆ ಹಿಡಿದು ನಿಲ್ಲುತ್ತಿದ್ದ ಹಾಗೆ.

ಅಜ್ಜಿಯ ಕಷಾಯ

ಮೊದಲನೆಯದು ನನ್ನ ಹೊಟ್ಟೆಯದ್ದೇ. ನಾನು ಹುಟ್ಟಿದ್ದು ಬಾಯಾರಿನಲ್ಲಿ. ಆಗ ಮಾತ್ರೆ ಎಲ್ಲಿತ್ತು? ವರ್ಷಕ್ಕೊಮ್ಮೆ, ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ. ಅದನ್ನು ಕುಡಿದರೆ ಹೊಟ್ಟೆಯ ಹುಳವೆಲ್ಲ ಸಾಯುತ್ತದೆ ಎಂದು ಅಜ್ಜಿ ನಂಬಿದ್ದರು. ಕಹಿ ಎಂದರೆ ಎಂಥ ಕಹಿ! ನಾಲಿಗೆಯಲ್ಲಿ ಶುರುವಾಗಿ ಕಿವಿಯವರೆಗೆ ಹತ್ತುತ್ತಿತ್ತು. ಅಜ್ಜಿ ನಮ್ಮನ್ನು ವಯಸ್ಸಿನ ಪ್ರಕಾರ ಸಾಲಾಗಿ ಕೂರಿಸಿ, ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಬೆಲ್ಲದ ತುಂಡು ಹಿಡಿದು ಬರುತ್ತಿದ್ದರು. ಮೊದಲು ಲೋಟ ಖಾಲಿಯಾಗಬೇಕು, ಆಮೇಲೆ ಬೆಲ್ಲ.

ಅಮ್ಮ, ಅಪ್ಪ, ಚಿಕ್ಕಪ್ಪ ಎಲ್ಲರೂ ಕುಡಿಯಬೇಕು. ಅಜ್ಜಿ ಮಾತ್ರ ಕುಡಿಯುತ್ತಿರಲಿಲ್ಲ. ಒಂದು ವರ್ಷ ನನ್ನ ಅಣ್ಣ ಧೈರ್ಯ ಮಾಡಿ ಕೇಳಿಯೇಬಿಟ್ಟ.

"ಅಜ್ಜೀ, ನಿಮಗೆ ಕಷಾಯ ಬೇಡ್ವಾ?"

"ನನ್ನ ಹೊಟ್ಟೆಯಲ್ಲಿ ಹುಳ ಇಲ್ಲ."

"ಇಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಅಜ್ಜಿ ಲೋಟವನ್ನು ಅವನ ಬಾಯಿಗೆ ಹಿಡಿದು ಹೇಳಿದರು: "ಇದ್ದಿದ್ದರೆ ಈ ಮನೆಯಲ್ಲಿ ನನ್ನ ಮಾತು ಕೇಳಲಿಕ್ಕೆ ಅದೊಂದಾದರೂ ಇರ್ತಿತ್ತು."

ಬಸ್ಸಿನಲ್ಲಿ ಹಲ್ಲುನೋವು

ಊರಿನ ಮಕ್ಕಳಿಗೆ ಕೈ ತೊಳೆಯಲು ಕಲಿಸುವ ಟೀಚರಾದ ನನ್ನ ಮಗನಿಗೇ ಹುಳವಾಯಿತು. ಅವನಿಗಾಗ ನಾಲ್ಕು ವರ್ಷ. ಎರಡು ದಿನದಿಂದ ಕೂತಲ್ಲಿ ಕೂರುತ್ತಿಲ್ಲ, ಹಿಂದೆ ಕೈ ಹಾಕಿ ತುರಿಸುವುದೇ ಕೆಲಸ. ನೋಡಿದರೆ ಬಿಳಿ ನೂಲಿನ ಚೂರಿನಂಥ ಸಣ್ಣ ಹುಳ. ನನಗೆ ಹುಳಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಊರಿನವರದ್ದು. ಹತ್ತಿರದ ಡಾಕ್ಟರ ಹತ್ತಿರ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಕಾಸರಗೋಡಿಗೇ ಹೊರಟೆ. ಹೊರಡುವ ಮೊದಲು ಮಗನನ್ನು ಬಾಗಿಲ ಹಿಂದೆ ಕರೆದು ಹೇಳಿದೆ:

"ಬಸ್ಸಿನಲ್ಲಿ ಯಾರಾದ್ರೂ ಕೇಳಿದ್ರೆ ಹಲ್ಲುನೋವು ಅಂತ ಹೇಳ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು."

ಬಸ್ಸು ತುಂಬಿತ್ತು. ನಮ್ಮ ಅಂಗನವಾಡಿಗೆ ಮೊಮ್ಮಗಳನ್ನು ಬಿಡಲು ಬರುವ ಒಬ್ಬರು ಅಮ್ಮ ಕಿಟಕಿಯ ಪಕ್ಕ ಕೂತಿದ್ದರು. "ಬನ್ನಿ ಟೀಚರೇ, ಎಲ್ಲಿಗೆ ಹೊರಟದ್ದು?" ಎಂದರು.

"ಇವನಿಗೆ ಹಲ್ಲುನೋವು, ಡಾಕ್ಟ್ರಿಗೆ ತೋರಿಸುವ ಅಂತ."

"ಅಯ್ಯೋ ಪಾಪ! ಬಾ ಮಗಾ, ಇಲ್ಲಿ ಕೂತುಕೋ."

ಮಗ ಕೂತ. ಎದ್ದ. ಮತ್ತೆ ಅರ್ಧ ಕೂತ, ಆ ಕಡೆ ಈ ಕಡೆ ವಾಲಿದ, ಪುನಃ ಎದ್ದು ನಿಂತ. ಆ ಅಮ್ಮನಿಗೆ ಆಶ್ಚರ್ಯ. "ಇದೆಂತ ಟೀಚರೇ, ಹಲ್ಲುನೋವಿಗೆ ಕೂತುಕೊಳ್ಳಲಿಕ್ಕೆ ಎಂತ ತೊಂದರೆ? ಯಾವ ಹಲ್ಲು ಮಗಾ ನೋವು?"

ಮಗ ನನ್ನ ಮುಖ ನೋಡಿದ. ಆಮೇಲೆ ಚಡ್ಡಿಯ ಹಿಂಭಾಗವನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಂಡಕ್ಟರಿಗೂ ಕೇಳುವಷ್ಟು ದೊಡ್ಡ ಸ್ವರದಲ್ಲಿ ವಿವರಿಸಿದ:

"ಇದಕ್ಕೆ ಬಸ್ಸಿನಲ್ಲಿ ಹಲ್ಲು ಅಂತ ಹೇಳ್ಬೇಕಂತೆ."

ಸೋಪಿನ ವಾಸನೆ

ಡಾಕ್ಟರು ಒಳ್ಳೆಯವರು, ನಗಲಿಲ್ಲ. "ಇದರಲ್ಲಿ ನಾಚಿಕೆ ಎಂತದ್ದು? ಚಿಕ್ಕ ಮಕ್ಕಳಿಗೆ ಇದು ಇದ್ದದ್ದೇ" ಎಂದರು. ಮನೆಯವರೆಲ್ಲ ಒಂದೇ ದಿನ ಮಾತ್ರೆ ತೆಗೆದುಕೊಳ್ಳಬೇಕು, ಎರಡು ವಾರ ಬಿಟ್ಟು ಇನ್ನೊಮ್ಮೆ. ಎಲ್ಲರೂ ಉಗುರು ಕತ್ತರಿಸಬೇಕು. ಬೆಳಿಗ್ಗೆ ಎದ್ದ ಕೂಡಲೇ ಸ್ನಾನ. ಹಾಸಿದ್ದು ಹೊದ್ದದ್ದು ಎಲ್ಲ ಬಿಸಿನೀರಿನಲ್ಲಿ ಒಗೆಯಬೇಕು. ಊಟಕ್ಕೆ ಮೊದಲು, ಕಕ್ಕಸಿಗೆ ಹೋದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನನ್ನ ಅತ್ತೆಯ ಮುಖ ಅರಳಿತು. "ಇದನ್ನೇ ಅಲ್ವಾ ನಾನು ಇಷ್ಟು ವರ್ಷ ಮಡಿ ಅಂತ ಹೇಳಿದ್ದು? ನಾನು ಹೇಳಿದ್ರೆ ಹಳೇ ಕಾಲ, ಡಾಕ್ಟ್ರು ಹೇಳಿದ್ರೆ ಸಯನ್ಸು!" ಮರುದಿನ ನನ್ನ ಗಂಡ ಏಳುವ ಮೊದಲೇ ಅವರ ಚಾದರ ಅಂಡೆಯ ಬಿಸಿನೀರಿನಲ್ಲಿತ್ತು. ಕಾಲೇಜಿನ ಕಾಲದಿಂದ ಕಿರುಬೆರಳಿನಲ್ಲಿ ಬೆಳೆಸಿದ್ದ ಅವರ ಉದ್ದ ಉಗುರು ಮಧ್ಯಾಹ್ನದೊಳಗೆ ಹೋಯಿತು.

ಆದರೆ ಡಾಕ್ಟರು ಹೇಳಿದ ಒಂದು ಮಾತನ್ನು ಮಗ ನಮಗಿಂತ ಗಂಭೀರವಾಗಿ ತೆಗೆದುಕೊಂಡಿದ್ದ. "ಯಾರ ಕೈಗೆ ಸೋಪಿನ ವಾಸನೆ ಉಂಟೋ ಅವರು ಜಾಣರು" ಎಂದಿದ್ದರು ಅವರು. ಆ ದಿನದಿಂದ ಮಗ ಎಲ್ಲರ ಕೈ ಮೂಸಲು ಶುರುಮಾಡಿದ. ಅಪ್ಪನ ಕೈ, ಅಜ್ಜಿಯ ಕೈ, ಹಾಲು ತರುವವರ ಕೈ.

ಅದೇ ವಾರ ನೆಂಟರ ಮನೆಯಲ್ಲಿ ಗೃಹಪ್ರವೇಶ. ಎಲೆ ಹಾಕಿ ಆಗಿದೆ, ಎಲ್ಲರೂ ಸಾಲಾಗಿ ಊಟಕ್ಕೆ ಕೂತಿದ್ದಾರೆ. ನೋಡುತ್ತೇನೆ, ನನ್ನ ಮಗ ಪಂಕ್ತಿಯ ಆ ತುದಿಯಿಂದ ಒಬ್ಬೊಬ್ಬರದ್ದೇ ಬಲಗೈ ಎತ್ತಿ ಮೂಸುತ್ತಾ ಬರುತ್ತಿದ್ದಾನೆ. ನಾನು ಓಡಿ ತಲುಪುವಷ್ಟರಲ್ಲಿ ಅವನು ಪೂಜೆ ಮಾಡಿಸಿದ ಹಿರಿಯ ಭಟ್ಟರ ಮುಂದಿದ್ದ.

"ಅಜ್ಜಾ, ಕೈ ತೊಳೆದ್ರಾ?"

ಭಟ್ಟರು ನಕ್ಕು, "ತೊಳೆದದ್ದೇ ಮಗಾ! ಬೆಳಿಗ್ಗೆಯಿಂದ ನೂರು ಸಲ ಆಚಮನ ಮಾಡಿದ್ದೇನೆ" ಎಂದರು.

ಮಗ ಅವರ ಕೈಯನ್ನು ಮೂಗಿಗೆ ಹಿಡಿದ. ಅಂಗನವಾಡಿಯಲ್ಲಿ ನಾನು ತಲೆ ಅಲ್ಲಾಡಿಸುವ ಹಾಗೆಯೇ ತಲೆ ಅಲ್ಲಾಡಿಸಿದ. "ಅದು ಬರೀ ನೀರು ಮಾತ್ರ. ಎದ್ದು ಹೋಗಿ, ಸೋಪು ಹಾಕಿ ಬನ್ನಿ."

ಭಟ್ಟರು ನಿಜವಾಗಿಯೂ ಎದ್ದರು. ಅವರ ಹಿಂದೆ ಇಡೀ ಪಂಕ್ತಿ ಎದ್ದಿತು. ಒಂದು ಸೋಪು, ಐವತ್ತು ಜನ. ಬಿಸಿ ಅನ್ನ ಆರಿತು. ಮನೆಯ ಯಜಮಾನರು ನನ್ನ ಹತ್ತಿರ ಬಂದು ಕೇಳಿದರು: "ಟೀಚರೇ, ಮುಂದಿನ ತಿಂಗಳು ಮಗಳ ಮದುವೆ. ಇವನನ್ನೂ ಕರ್ಕೊಂಡು ಬರ್ತೀರಾ? ಹಾಗಾದ್ರೆ ಈಗಲೇ ಒಂದು ಪೆಟ್ಟಿಗೆ ಸೋಪು ತರಿಸಿ ಇಡ್ತೇನೆ."

ಗಲ್ಫಿಗೆ ಹೋದ ಹುಳ

ನಮ್ಮ ಅಂಗನವಾಡಿಯಲ್ಲಿ ಒಂದು ಹುಡುಗಿ ಇದ್ದಳು, ಮೂರೂವರೆ ವರ್ಷ. ಅವಳ ಅಪ್ಪ ದುಬೈಯಲ್ಲಿ ಅಂಗಡಿಯ ಕೆಲಸ. ಹೋಗಿ ವರ್ಷ ದಾಟಿತ್ತು. ದಿನಾ ಬೆಳಿಗ್ಗೆ ಬಂದು "ಟೀಚರೇ, ನನ್ನ ಅಪ್ಪ ಗಲ್ಫಿನಲ್ಲಿ" ಎಂದು ಹೇಳಿಯೇ ಚಾಪೆಯಲ್ಲಿ ಕೂರುವುದು. ಅವಳಿಗೆ ತುರಿಕೆ ಶುರುವಾಗಿ ಡಾಕ್ಟರು ಮಾತ್ರೆ ಬರೆದರು. ಮನೆಯಲ್ಲಿ ಬಾಯಿ ತೆರೆಯುವುದಿಲ್ಲವೆಂದು ತಾಯಿ ಮಾತ್ರೆಯನ್ನೂ ಮಗಳನ್ನೂ ನನ್ನ ಹತ್ತಿರ ತಂದರು.

"ಇದು ತಿಂದರೆ ಹೊಟ್ಟೆಯ ಹುಳ ಸಾಯ್ತದೆ, ಆಮೇಲೆ ತುರಿಸುವುದಿಲ್ಲ" ಎಂದೆ. ತಪ್ಪಾಯಿತು. ಹುಡುಗಿಯ ಕಣ್ಣು ತುಂಬಿ ಬಂತು.

"ಸಾಯುವುದು ಬೇಡ!"

"ಮತ್ತೆ ಎಂತ ಮಾಡುವ?"

ಸ್ವಲ್ಪ ಹೊತ್ತು ಆಲೋಚಿಸಿ ಅವಳೇ ದಾರಿ ಹೇಳಿದಳು: "ಗಲ್ಫಿಗೆ ಹೋಗಲಿ. ಅಪ್ಪನಿಗೆ ಜೊತೆ ಆಗ್ತದೆ."

ಮಾತ್ರೆಯನ್ನು ಅವಳ ಅಂಗೈಯಲ್ಲಿ ಇಟ್ಟೆ. ಆಮೇಲೆ ಹೇಳಿದೆ: "ಸರಿ, ಈ ಮಾತ್ರೆಯೇ ಅದರ ಟಿಕೇಟು." ಹುಡುಗಿ ಕಣ್ಣೊರೆಸಿಕೊಂಡು ಮಾತ್ರೆಯನ್ನು ಚೆನ್ನಾಗಿ ಜಗಿದು ನುಂಗಿದಳು.

ಮೂರು ದಿನ ಕಳೆದು ಅವಳ ಅಪ್ಪ ಫೋನಿನಲ್ಲಿ ಮುಖ ತೋರಿಸಿ ಮಾತನಾಡುವಾಗ ಮಗಳು ಮೊದಲು ಕೇಳಿದ್ದೇ, "ಅಪ್ಪಾ, ನನ್ನ ಹುಳ ಅಲ್ಲಿಗೆ ತಲುಪಿತಾ?" ಪಾಪ ಅವರಿಗೆ ತಲೆಬುಡ ತಿಳಿಯಲಿಲ್ಲ. ತಾಯಿ ಹಿಂದಿನಿಂದ ಕೈಸನ್ನೆ ಮಾಡಿದರು. ಎರಡು ವಾರಕ್ಕೆ ಇನ್ನೊಂದು ಮಾತ್ರೆ ಕೊಡಲಿಕ್ಕುಂಟು ಎಂಬುದೂ ಆ ಸನ್ನೆಯಲ್ಲಿ ಇತ್ತೋ ಏನೋ. ಅಪ್ಪ ಜಾಣರು. "ಬಂತು ಮಗಾ, ಏರ್‌ಪೋರ್ಟಿನವರೆಗೆ ಬಂತು. ವೀಸಾ ಸರಿ ಇಲ್ಲ ಅಂತ ವಾಪಸು ಕಳಿಸಿದ್ರು" ಎಂದರು.

ಹದಿನೈದನೇ ದಿನ ಹುಡುಗಿ ತಾನಾಗಿಯೇ ನನ್ನ ಮೇಜಿನ ಮುಂದೆ ಬಂದು ಬಾಯಿ ತೆರೆದು ನಿಂತಳು. ಮಾತ್ರೆ ಇಡುವ ಮೊದಲು ಬಾಯಿ ಮುಚ್ಚಿ ಒಂದು ಮಾತು ಹೇಳಿದಳು:

"ಟೀಚರೇ, ಈ ಸಲ ಕಾಗದ ಎಲ್ಲ ಸರಿ ನೋಡಿ ಕಳಿಸಿ."

ಅಜ್ಜನಿಗೆ ಸನ್ಮಾನ

ಈಗ ಹೇಳುವುದು ಎಲ್ಲಕ್ಕಿಂತ ದೊಡ್ಡದು. ನೆನಪಾದಾಗಲೆಲ್ಲ ಒಬ್ಬಳೇ ನಗುತ್ತೇನೆ.

ಆ ವರ್ಷ ನಮ್ಮಲ್ಲಿಗೆ ಹೊಸ ನರ್ಸ್ ಬಂದರು. ತೆಂಕಣ ಕೇರಳದವರು, ಕನ್ನಡ ಒಂದಕ್ಷರ ಬಾರದು. ಹುಳದ ಮಾತ್ರೆ ಕೊಡುವ ಹಿಂದಿನ ದಿನ ಅವರು ವಾರ್ಡಿನ ವಾಟ್ಸಾಪ್ ಗುಂಪಿಗೆ ಮಲಯಾಳದಲ್ಲಿ ಮಾತನಾಡಿ ಕಳಿಸಿದರು. ನಾಳೆ ಹತ್ತು ಗಂಟೆಗೆ ಅಂಗನವಾಡಿಗೆ ಎಲ್ಲರೂ ಬರಬೇಕು, 'ವಿರಶಲ್ಯಂ' ಬಗ್ಗೆ ಕಾರ್ಯಕ್ರಮ ಎಂದು. ಮಲಯಾಳದಲ್ಲಿ ವಿರ ಎಂದರೆ ಹೊಟ್ಟೆಯ ಹುಳ, ಶಲ್ಯಂ ಎಂದರೆ ಉಪದ್ರ.

ಮರುದಿನ ಒಂಬತ್ತೂವರೆಗೇ ಅಂಗನವಾಡಿಯ ಮೆಟ್ಟಿಲಲ್ಲಿ ಒಬ್ಬರು ಅಜ್ಜ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿ, ಹಣೆಯಲ್ಲಿ ಗಂಧ, ಕೈ ಹಿಡಿದುಕೊಂಡು ನಮ್ಮಲ್ಲಿಯೇ ಬರುವ ಮೊಮ್ಮಗಳು. ಇವರು ಯಾರೆಂದರೆ ನಮ್ಮ ಅಂಗನವಾಡಿಗೆ ಮೂರು ಸೆಂಟ್ಸ್ ಸ್ಥಳ ದಾನ ಕೊಟ್ಟವರು. ಕೊಟ್ಟು ಆಗಲೇ ಇಪ್ಪತ್ತು ವರ್ಷವಾಗಿತ್ತು, ಕಟ್ಟಡದ ಗೋಡೆಯಲ್ಲಿ ಉದ್ಘಾಟನೆ ಮಾಡಿದವರ ಹೆಸರುಂಟು, ಇವರದ್ದಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಿದವರೂ ಅಲ್ಲ.

"ಟೀಚರೇ, ನಿನ್ನೆ ಫೋನಿನಲ್ಲಿ ಕೇಳಿದೆ" ಎಂದು ಅಜ್ಜ ಸಂಕೋಚದಿಂದ ಶುರುಮಾಡಿದರು. "ನನ್ನ ಮಲಯಾಳ ಪೇಟೆಗೆ ಹೋಗಿ ಬರುವಷ್ಟೇ. ಆದ್ರೂ ಗೊತ್ತಾಯ್ತು. ಸ್ಥಳ ಕೊಟ್ಟದ್ದಕ್ಕೆ ಒಂದು ಶಲ್ಯ ಹೊದೆಸಿದ್ರೆ ಧಾರಾಳ ಸಾಕಿತ್ತು. ವೀರ ಅಂತೆಲ್ಲ ಯಾಕೆ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. 'ವಿರಶಲ್ಯಂ' ಎಂದದ್ದು ಅಜ್ಜನ ಕಿವಿಗೆ 'ವೀರ ಶಲ್ಯ' ಎಂದು ಬಿದ್ದಿತ್ತು. ಇಪ್ಪತ್ತು ವರ್ಷ ಕಾದ ಮನುಷ್ಯನಿಗೆ, "ಅಜ್ಜಾ, ಅದು ಶಲ್ಯ ಅಲ್ಲ, ಹುಳ" ಎಂದು ಯಾವ ಬಾಯಿಯಿಂದ ಹೇಳುವುದು?

ನರ್ಸನ್ನು ಅಡಿಗೆಕೋಣೆಗೆ ಎಳೆದುಕೊಂಡು ಹೋಗಿ ನನ್ನ ಹರಕು ಮಲಯಾಳದಲ್ಲಿ ವಿಷಯ ಹೇಳಿದೆ. ಅವರು ಸೆರಗಿನಲ್ಲಿ ಬಾಯಿ ಮುಚ್ಚಿ ಐದು ನಿಮಿಷ ನಕ್ಕರು. ಆಮೇಲೆ, "ಶಾಲು ಉಂಟಾ?" ಎಂದು ಮಲಯಾಳದಲ್ಲೇ ಕೇಳಿದರು. ಹಿಂದಿನ ವರ್ಷ ಒಂದು ಸಮಾರಂಭದಲ್ಲಿ ನನಗೆ ಹೊದೆಸಿದ ಶಾಲು ಪ್ಲಾಸ್ಟಿಕ್ ತೊಟ್ಟೆ ಸಹಿತ ಕಪಾಟಿನಲ್ಲಿತ್ತು.

ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ ನರ್ಸೇ ಶಾಲು ಹೊದೆಸಿದರು. ಇಪ್ಪತ್ತು ತಾಯಂದಿರು ಚಪ್ಪಾಳೆ ತಟ್ಟಿದರು. ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು. "ಈ ಸ್ಥಳ ಕೊಡುವಾಗ ನನ್ನ ಮನೆಯವಳೇ ಬೇಡ ಅಂದಿದ್ದಳು. ಇಲ್ಲಿ ಮಕ್ಕಳ ಸದ್ದು ಕೇಳುವಾಗ ಕೊಟ್ಟದ್ದು ತಪ್ಪಲ್ಲ ಅಂತ ಆಗ್ತದೆ" ಎಂದು ಎರಡೇ ಮಾತನಾಡಿ ಕೂತರು. ಆಮೇಲೆ ನರ್ಸ್ ಮಲಯಾಳದಲ್ಲಿ ಹುಳದ ಬಗ್ಗೆ ಕ್ಲಾಸ್ ತೆಗೆದುಕೊಂಡರು. ಅವರು 'ವಿರ' ಎಂದಾಗಲೆಲ್ಲ ಅಜ್ಜ ವಿನಯದಿಂದ ತಲೆ ತಗ್ಗಿಸುತ್ತಿದ್ದರು.

ಮಾತ್ರೆ ಕೊಡುವ ಹೊತ್ತಿಗೆ ಮಕ್ಕಳು ಎಂದಿನಂತೆ ಬಾಯಿ ಬಿಗಿದು ಕೂತರು. ಅಜ್ಜನ ಮೊಮ್ಮಗಳಿಗೆ ತುರಿಕೆ ಇದ್ದುದರಿಂದ ಆ ಮನೆಯವರೆಲ್ಲರಿಗೂ ಹೇಗೂ ಮಾತ್ರೆ ಕೊಡಲಿಕ್ಕಿತ್ತು. "ಉದ್ಘಾಟನೆ ನಿಮ್ಮದೇ" ಎಂದು ಅಜ್ಜನ ಕೈಗೆ ಮೊದಲ ಮಾತ್ರೆ ಇಟ್ಟೆ. ಅವರು ಎದ್ದು ನಿಂತು, ಶಾಲು ಸರಿಮಾಡಿ, ಎಲ್ಲರೂ ನೋಡುವ ಹಾಗೆ ಜಗಿದರು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು "ನನಗೆ, ನನಗೆ" ಎಂದು ಬಂದರು. ಆ ದಿನದಷ್ಟು ಸುಲಭವಾಗಿ ನಾನು ಯಾವತ್ತೂ ಮಾತ್ರೆ ಕೊಟ್ಟಿಲ್ಲ.

ಉಳಿದವರ ಮಾತ್ರೆ ಕೊಡಲು ಅಜ್ಜನ ಜೊತೆಯಲ್ಲೇ ಅವರ ಮನೆಗೆ ಹೋದೆ. ಅಂಗಳದಲ್ಲಿ ಅಜ್ಜಿ ಹಪ್ಪಳ ಒಣಗಿಸುತ್ತಿದ್ದರು. ಶಾಲು ಹೊದ್ದ ಗಂಡನನ್ನು ಕಂಡು ಸೊಂಟಕ್ಕೆ ಕೈ ಇಟ್ಟು ನಿಂತರು.

"ಇದೆಂತ ವೇಷ? ಎಂತಕ್ಕೆ ಹೊದೆಸಿದ್ದು?"

ಅಜ್ಜ ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಓಡಿ ಮುಂದೆ ಹೋಗಿ ಕೂಗಿದಳು: "ಅಜ್ಜೀ, ಅಜ್ಜನ ಹೊಟ್ಟೆಯಲ್ಲಿ ಹುಳ ಉಂಟಲ್ಲ, ಅದಕ್ಕೆ! ಎಲ್ಲರೂ ಚಪ್ಪಾಳೆ ಹೊಡೆದ್ರು!"

ಅಜ್ಜಿ ಗಂಡನನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದರು. ಮತ್ತೆ ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು:

"ಇವರ ತಲೆಯಲ್ಲಿ ಹುಳ ಉಂಟು ಅಂತ ಮದುವೆಯಾದ ವಾರವೇ ನನಗೆ ಗೊತ್ತಾಗಿತ್ತು ಟೀಚರೇ. ಹೊಟ್ಟೆಗೆ ಇಳಿದದ್ದು ಯಾವಾಗ?"