ನಾಲ್ಕನೆಯ ಗುರುವಾರದ ಡಬಲ್ ಬೇಸ್ ಬಗ್ಗೆ ಒಂದು ಅಹವಾಲು

ಗುರುವಾರದ ಸಂಗೀತ ಮಾಲಿಕೆಯ ಸಂಚಾಲಕರ ಅವಗಾಹನೆಗೆ,

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸಿ, ತಮ್ಮ ಸಮಿತಿಯ ಹನ್ನೊಂದು ಮಂದಿ ಸದಸ್ಯರೂ, ಎರಡು ವರ್ಷದಿಂದ ಕಿರ್ರೆನ್ನುತ್ತಿದೆಯೆಂದು ಎಲ್ಲರೂ ದೂರುವ, ನನಗೆ ಮಾತ್ರ ಕೇಳಿಸದ ಸಭಾಂಗಣದ ಬಾಗಿಲಿನ ತಿರುಗಣಿಯೂ ಕ್ಷೇಮವೆಂದು ನಂಬಿ, ಈ ಪತ್ರವನ್ನು ಅತ್ಯಂತ ವಿನಯದಿಂದ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಖಾಸಗಿಯಾಗಿ ಬರೆದ ಎರಡು ಪತ್ರಗಳು ತಮ್ಮ ಮೇಜಿನ ಮೇಲೆ ಹೂದಾನಿಯ ಅಡಿಯಲ್ಲಿ ಮಡಚಿ ಕೂತಿರುವುದನ್ನು ಮೊನ್ನೆ ಕಣ್ಣಾರೆ ಕಂಡೆ. ಹೂದಾನಿ ಈಗ ಅಲುಗಾಡುತ್ತಿಲ್ಲವೆಂಬುದೂ ಸಂತೋಷದ ವಿಷಯವೇ.

ನಾನು ಯಾರೆಂದು ತಮಗೆ ನೆನಪಿಲ್ಲದಿರಬಹುದು. ತಮ್ಮ ಸಭಾಂಗಣದ ಪಿಯಾನೋವನ್ನು ಮೂವತ್ತನಾಲ್ಕು ವರ್ಷಗಳಿಂದ ಶ್ರುತಿ ಮಾಡುತ್ತಿರುವವನು ನಾನು. ಕಚೇರಿಯ ದಿನ ಮಧ್ಯಾಹ್ನ ಬಂದು, ಮುಚ್ಚಳ ಎತ್ತಿ ಒಳಗೆ ತಲೆ ತೂರಿಸಿ, ಕೆಲಸ ಮುಗಿದ ಮೇಲೆ ಹಿಂಬಾಗಿಲಿನಿಂದ ಹೋಗುವವನಾದ್ದರಿಂದ ತಾವು ನೋಡಿರುವುದು ಬಹುಶಃ ನನ್ನ ಬೆನ್ನನ್ನು ಮಾತ್ರ. ಕಳೆದ ನಾಲ್ಕು ವರ್ಷಗಳಲ್ಲಿ ನನ್ನ ಕಿವಿ ಮೇಲಿನಿಂದ ಕೆಳಕ್ಕೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಬಂದಿದೆ. ಮೊದಲು ಹೋದದ್ದು ಗುಬ್ಬಿಗಳ ಸದ್ದು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ವಯೊಲಿನ್ನಿನ ಮೇಲಿನ ತಂತಿ, ಕೊನೆಗೆ ಐದು ವರ್ಷದ ಮೊಮ್ಮಗಳ ಮಾತು. ಅವಳು ನನ್ನ ತೊಡೆಯ ಮೇಲೆ ಕೂತು ಕಥೆ ಹೇಳುತ್ತಾಳೆ, ನಾನು ಅವಳ ತುಟಿ ನೋಡುತ್ತೇನೆ, ಅವಳು ನಕ್ಕಾಗ ನಾನೂ ನಗುತ್ತೇನೆ. ಕಿವಿಯ ಡಾಕ್ಟರು ಗೆರೆ ಎಳೆದ ಒಂದು ಹಾಳೆ ತೋರಿಸಿ, “ಕೆಳಗಿಂದು ಸದ್ಯಕ್ಕೆ ಚೆನ್ನಾಗಿದೆ ಯಜಮಾನ್ರೇ, ಮೇಲಿಂದು ಇನ್ನು ವಾಪಸ್ ಬರಲ್ಲ” ಎಂದರು. ಸದ್ಯಕ್ಕೆ ಎಂದರೆ ಎಲ್ಲಿಯವರೆಗೆ ಎಂದು ಕೇಳಿದ್ದಕ್ಕೆ ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು.

ಹೀಗಿರುವವನು ಪಿಯಾನೋ ಹೇಗೆ ಶ್ರುತಿ ಮಾಡುತ್ತಾನೆಂದು ತಾವು ಗಾಬರಿಪಡಬಾರದು. ಅದರ ಎಂಬತ್ತೆಂಟು ಸ್ವರದ ಮನೆಗಳಲ್ಲಿ ಕೆಳಗಿನ ಅರವತ್ತೆಂಟನ್ನು ನಾನೇ ನೋಡಿಕೊಳ್ಳುತ್ತೇನೆ. ಮೇಲಿನ ಇಪ್ಪತ್ತಕ್ಕೆ, ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವ ನನ್ನ ಮಗಳು ಊಟದ ಬಿಡುವಿನಲ್ಲಿ ಓಡಿಬಂದು, ನಾನು ತಂತಿ ಬಿಗಿ ಮಾಡುತ್ತಾ ಹೋದಂತೆ ಹೆಬ್ಬೆರಳನ್ನು ಮೇಲೆ ಕೆಳಗೆ ಮಾಡಿ ತೋರಿಸುತ್ತಾಳೆ. ಕೈ ನನ್ನದು, ಕಿವಿ ಅವಳದು. ಇದು ಇವತ್ತಿನವರೆಗೆ ಅಪ್ಪ ಮಗಳ ಗುಟ್ಟಾಗಿತ್ತು.

ಹೀಗೆ ಸಂಗೀತಕ್ಕೆ ದೂರದಿಂದಲೇ ಕೈಮುಗಿದು ನೆಮ್ಮದಿಯಾಗಿದ್ದವನ ಮೇಲೆ ತಾವು ಡಬಲ್ ಬೇಸ್ ಕಚೇರಿಗಳ ಮಾಲಿಕೆಯನ್ನು ಬಿಟ್ಟಿರಿ. ನನ್ನ ಮೊದಲ ದೂರು ಇದೇ. ವಾದ್ಯವೃಂದದ ಹಿಂದಿನ ಸಾಲಿನಲ್ಲಿ ನಿಂತು ಮಿಕ್ಕವರ ಸೊಗಸಿಗೆ ಗುಂಯ್ ಎಂದು ಆಸರೆ ಕೊಡುವುದಷ್ಟೇ ತನ್ನ ಪಾಲೆಂದುಕೊಂಡಿದ್ದ ಆ ಆಳೆತ್ತರದ ತಂತಿವಾದ್ಯ, ನಾಲ್ಕು ಗುರುವಾರಗಳ ಮಟ್ಟಿಗೆ, ಒಂಟಿಯಾಗಿಯೂ ಸಣ್ಣ ಮೇಳಗಳಲ್ಲಿಯೂ ಮುಂದೆ ಬಂದು ನುಡಿಯುತ್ತದೆ ಎಂದು ತಮ್ಮ ಭಿತ್ತಿಪತ್ರ ಸಾರಿತು. ಒಬ್ಬ ಮನುಷ್ಯ ಕಷ್ಟಪಟ್ಟು ಬಿಟ್ಟ ಆಸೆಯನ್ನು ಹೀಗೆ ಗೋಡೆಗೆ ಅಂಟಿಸಿ ಎಬ್ಬಿಸುವುದು ಸರಿಯೇ ಎಂದು ಸಮಿತಿ ಯೋಚಿಸಿದಂತಿಲ್ಲ.

ಮೊದಲ ಗುರುವಾರ ವಾದ್ಯವೇನೋ ಬಂತು, ಆದರೆ ಮುಂದೆ ಬರಲಿಲ್ಲ. ಇಪ್ಪತ್ತಾರು ವರ್ಷ ವಾದ್ಯವೃಂದದಲ್ಲಿ ಹಿಂದಿನ ಪರದೆಗೆ ಅಂಟಿಕೊಂಡೇ ನುಡಿಸಿದ್ದ ಹಿರಿಯ ಕಲಾವಿದರೊಬ್ಬರು, ಅಭ್ಯಾಸಬಲದಿಂದ ವಾದ್ಯವನ್ನು ತಬ್ಬಿಕೊಂಡು ನೆಟ್ಟಗೆ ಹಿಂದಿನ ಪರದೆಯ ಬಳಿಗೇ ಹೋಗಿ, ಎದುರಿಗೆ ವೃಂದದ ಎಪ್ಪತ್ತು ವಾದಕರು ಕೂತಿದ್ದಾರೋ ಎಂಬಂತೆ ಅವರಿಗೆ ಜಾಗ ಬಿಟ್ಟು, ತಲೆ ಬಾಗಿಸಿ ಶುರು ಮಾಡಿದರು. ದೀಪದವನು ತನಗೆ ಬರೆದುಕೊಟ್ಟಿದ್ದ ಪ್ರಕಾರ ವೇದಿಕೆಯ ಮುಂಭಾಗದ ಖಾಲಿ ಹಲಗೆಗಳ ಮೇಲೆ ಒಂದೂಕಾಲು ಗಂಟೆ ಬೆಳಕು ಚೆಲ್ಲಿದ. ಯಾರೋ ಹೋಗಿ ಹೇಳಿದ್ದಕ್ಕೆ, “ನಂಗೆ ಕೊಟ್ಟಿರೋ ಜಾಗ ಇದೇ, ಬೇಕಾದ್ರೆ ಅವ್ರೇ ಈ ಕಡೆ ಬರ್ಲಿ” ಎಂದನಂತೆ. ತಮ್ಮ ಸಂಸ್ಥೆಯಲ್ಲಿ ಶಿಸ್ತು ಇಷ್ಟು ಬೇರುಬಿಟ್ಟಿರುವುದು ಹೆಮ್ಮೆಯ ಸಂಗತಿ. ಬೆಳಕಿನಲ್ಲಿ ಯಾರೂ ಇರಲಿಲ್ಲ, ಕತ್ತಲಲ್ಲಿ ಒಬ್ಬರಿದ್ದರು, ಇನ್ನೂರ ಇಪ್ಪತ್ತು ಕುರ್ಚಿಗಳಲ್ಲಿ ನಾವು ಹತ್ತೊಂಬತ್ತು ಮಂದಿ ಇದ್ದೆವು.

ಆದರೆ ಮಾನ್ಯರೇ, ನನಗೆ ಎಲ್ಲವೂ ಕೇಳಿಸಿತು. ನಾಲ್ಕು ವರ್ಷಗಳಲ್ಲಿ ಮೊದಲ ಸಲ ಒಂದು ಸಂಗೀತವನ್ನು ಇಡಿಯಾಗಿ, ನಡುವೆ ತೂತಿಲ್ಲದೆ, ಊಹಿಸಿಕೊಳ್ಳದೆ ಕೇಳಿದೆ. ಆ ಮಂದ್ರದ ದನಿ ಕುರ್ಚಿಯ ಕಾಲಿನಿಂದ ಮೊಣಕಾಲಿಗೆ, ಅಲ್ಲಿಂದ ಎದೆಗೆ ಬಂದಿತು. ಮುಗಿದ ಮೇಲೆ ಪಕ್ಕದಲ್ಲಿದ್ದ ಮಗಳನ್ನು, “ಇದ್ರಲ್ಲಿ ನಂಗೆ ಕೇಳಿಸ್ದೇ ಇರೋದು ಏನಾದ್ರೂ ಇತ್ತೇನಮ್ಮಾ” ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, ನನ್ನ ಕಿವಿಗೆ ಬಾಗಿ, “ಹಿಂದೆ ಯಾರ್ದೋ ಫೋನು ಕಿಣಿಕಿಣಿ ಅಂತು ಅಪ್ಪಾ, ಅಷ್ಟೇ” ಎಂದಳು. ನಾನು ಅತ್ತುಬಿಟ್ಟೆ. ಅರವತ್ತಮೂರು ವರ್ಷದ ಗಂಡಸನ್ನು ಸಾರ್ವಜನಿಕ ಸ್ಥಳದಲ್ಲಿ ಅಳಿಸಿದ ಹೊಣೆ ಪೂರ್ತಿಯಾಗಿ ತಮ್ಮದು, ಮತ್ತು ಅದಕ್ಕಾಗಿ ನಾನು ತಮಗೆ ಸಾಯುವವರೆಗೂ ಋಣಿ.

ಎರಡನೆಯ ಗುರುವಾರ ಅಣ್ಣ ತಂಗಿ ಬಂದರು, ಅಣ್ಣನದು ಅದೇ ಜಾತಿಯ ಸ್ವಲ್ಪ ಚಿಕ್ಕ ವಾದ್ಯ ಚೆಲ್ಲೋ, ತಂಗಿಯದು ಡಬಲ್ ಬೇಸ್. ಅಣ್ಣ ತಂತಿಯಲ್ಲಿ ಏನು ಹೇಳಿದರೂ ತಂಗಿ ಎರಡು ಮಾತಿನಲ್ಲಿ ಮುಗಿಸುತ್ತಿದ್ದಳು. ಅಂದು ಇಪ್ಪತ್ತಮೂರು ಮಂದಿ. ಮೂರನೆಯ ಗುರುವಾರ ಐದು ವಾದ್ಯಗಳ ಮೇಳ, ಅದರಲ್ಲಿ ಡಬಲ್ ಬೇಸಿನ ಜೊತೆಗೆ ಪಿಯಾನೋ ಇದ್ದದ್ದರಿಂದ ನೂರ ನಲವತ್ತು ಮಂದಿ. ಇದನ್ನು ನೋಡಿ ತಾವು, ಜನರಿಗೆ ಬೇಕಿರುವುದು ಎತ್ತರದ ಸ್ವರಗಳು, ಅಡ್ಡಿಯಾಗಿರುವುದು ಡಬಲ್ ಬೇಸ್ ಎಂದು ಒಂದೇ ಏಟಿಗೆ ಕಂಡುಹಿಡಿದು, ಮರುದಿನವೇ ಬಾಗಿಲಿಗೆ ಪ್ರಕಟಣೆ ಅಂಟಿಸಿದಿರಿ. ಅದರ ಪ್ರಕಾರ, ಸಾರ್ವಜನಿಕರ ಅಭಿರುಚಿಯನ್ನು ಗಮನಿಸಿ, ಡಬಲ್ ಬೇಸ್ ಮಾಲಿಕೆಯ ಸಮಾರೋಪದ ಸಂಜೆ ಡಬಲ್ ಬೇಸ್ ಇರುವುದಿಲ್ಲ, ಕೊಳಲು ಮತ್ತು ಪಿಯಾನೋ ಇರುತ್ತವೆ. ವರನನ್ನು ಮನೆಯಲ್ಲಿ ಬಿಟ್ಟು ದಿಬ್ಬಣ ಹೊರಡಿಸುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಅಂದು ನುಡಿಸಬೇಕಿದ್ದವರು ಮೊದಲ ಗುರುವಾರದ ಆ ಹಿರಿಯರೇ. ಅವರನ್ನು ಕಂಡು ವಿಚಾರಿಸಿದೆ. “ಪರ್ವಾಗಿಲ್ಲ ಬಿಡಿ, ಹಿಂದೆ ಸರಿಯೋದು ನಂಗೇನು ಹೊಸದಲ್ಲ” ಎಂದು ವಾದ್ಯದ ಕಮಾನಿಗೆ ರಾಳ ಉಜ್ಜುತ್ತಲೇ ಇದ್ದರು. ತಾವೋ, ಟಿಕೆಟ್ ಹರಿಯುವವನ ಬಳಿ, “ಈ ಜನಕ್ಕೆ ಅದನ್ನ ಕೇಳ್ಸೋದು ಕೋಣನ ಮುಂದೆ ಕಿನ್ನರಿ ಬಾರಿಸಿದಂಗೆ” ಎಂದಿರಂತೆ. ಗಾದೆ ಹಳೆಯದು, ಹೇಳಿದವರು ದೊಡ್ಡವರು, ತಕರಾರಿಲ್ಲ. ಆದರೆ ಈ ವಿಷಯದಲ್ಲಿ ಇಷ್ಟು ಕಾಲವೂ ಯಾರೂ ಕೋಣನ ಅಭಿಪ್ರಾಯ ಕೇಳಿಲ್ಲವಾದ್ದರಿಂದ, ಆ ಕೋಣ ನಾನೇ ಎಂದೂ, ಕಿನ್ನರಿ ಬಹಳ ಚೆನ್ನಾಗಿತ್ತೆಂದೂ, ಇನ್ನೊಂದು ಸಂಜೆ ಬಾರಿಸಬೇಕೆಂದೂ ಈ ಮೂಲಕ ತಿಳಿಸುತ್ತಿದ್ದೇನೆ.

ತಮ್ಮ ನಿರ್ಧಾರ ಕಲ್ಲಿನ ಮೇಲಿನ ಗೆರೆಯೇ ಆಗಿದ್ದರೆ, ನನ್ನಂಥವನಿಗಾಗಿ ಒಂದಿಷ್ಟು ಪರ್ಯಾಯ ಏರ್ಪಾಡುಗಳನ್ನಾದರೂ ಮಾಡಿಸಿಕೊಡಬೇಕು. ನಾಲ್ಕನೆಯ ಗುರುವಾರದ ಕೊಳಲನ್ನು ಹದಿನೆಂಟು ಅಡಿ ಉದ್ದ ಮಾಡಿಸಿ, ಊದಲು ಒಬ್ಬರನ್ನೂ ಅದರ ತುದಿ ಹಿಡಿದುಕೊಳ್ಳಲು ಸಮಿತಿಯ ಇಬ್ಬರನ್ನೂ ನೇಮಿಸಬೇಕು. ಮೂರು ಸ್ಥಾಯಿ ಕೆಳಗಿಳಿದು ಕೂಗಬೇಕೆಂದು ಗುಬ್ಬಿಗಳಿಗೆ ಸುತ್ತೋಲೆ ಹೊರಡಿಸಬೇಕು, ಕುಕ್ಕರುಗಳಿಗೂ ಅದರ ಪ್ರತಿ ಹೋಗಲಿ. ಇದೆಲ್ಲ ಆದ ಮೇಲೆ ಸಮಿತಿಗೆ ಬಿಡುವಿದ್ದರೆ, ನನ್ನ ಮೊಮ್ಮಗಳಿಗೆ ಒಂದು ಮಂದ್ರದ ದನಿಯನ್ನು ಮಂಜೂರು ಮಾಡಬೇಕು. ಅವಳ ಕಥೆಯಲ್ಲಿ ಒಂದು ಕರಡಿ ಇದೆಯೆಂದು ಕೈಸನ್ನೆಯಿಂದ ತಿಳಿದಿದ್ದೇನೆ, ಆ ಕರಡಿಗೆ ಕೊನೆಗೆ ಏನಾಯಿತೆಂದು ನನಗಿನ್ನೂ ಗೊತ್ತಿಲ್ಲ.

ಇವು ಯಾವುವೂ ಆಗದ ಕೆಲಸವೆಂದು ತಾವು ಹೇಳಿದರೆ ನಾನು ವಾದಿಸುವುದಿಲ್ಲ. ಆಗುವ ಕೆಲಸ ಒಂದೇ ಒಂದಿದೆ. ಆ ಹಿರಿಯರಿಗೆ ಒಂದು ಫೋನು ಮಾಡಿ, ಬನ್ನಿ ಎಂದರೆ ಸಾಕು. ಹಿಂದೆ ನಿಲ್ಲಲಿ, ಮುಂದೆ ನಿಲ್ಲಲಿ, ದೀಪ ಎಲ್ಲಿ ಬೇಕಾದರೂ ಉರಿಯಲಿ. ನನಗೆ ಉಳಿದಿರುವುದು ಕೆಳಗಿನದು ಮಾತ್ರ, ಅದೂ ಎಷ್ಟು ದಿನವೋ ಗೊತ್ತಿಲ್ಲ. ಇರುವಷ್ಟು ದಿನ ಕೇಳಬೇಕೆಂಬ ಆಸೆಯಿದೆ, ಅದನ್ನು ಬೇರೆ ಯಾವ ಮರ್ಯಾದೆಯ ಮಾತಿನಲ್ಲಿ ಹೇಳಬೇಕೋ ನನಗೆ ತಿಳಿಯದು.

ಇಂತು, ಕೆಳಗಿನ ಅರವತ್ತೆಂಟು ಮನೆಗಳ ಮಟ್ಟಿಗೆ,
ತಮ್ಮ ವಿಶ್ವಾಸಿ,
ಪಿಯಾನೋ ಶ್ರುತಿ ಮಾಡುವವನು

ತಾ.ಕ.: ಮೂರನೆಯ ಗುರುವಾರ ಅಂಚೆ ಕಚೇರಿಯಲ್ಲಿ ನೂಕುನುಗ್ಗಲಿದ್ದು ಮಗಳಿಗೆ ಮಧ್ಯಾಹ್ನ ಬಿಡುವು ಸಿಗಲಿಲ್ಲ. ಮೇಲಿನ ಇಪ್ಪತ್ತು ಮನೆಗಳನ್ನು ನಾನೇ ಕೈಯಂದಾಜಿನಲ್ಲಿ ಬಿಗಿ ಮಾಡಿ ಮುಚ್ಚಳ ಹಾಕಿದೆ. ಸಂಜೆ ಬಂದವಳು ಎರಡನೆಯ ನಿಮಿಷಕ್ಕೇ ನನ್ನ ಮೊಣಕೈ ಹಿಡಿದುಕೊಂಡು ಕೊನೆಯವರೆಗೂ ಬಿಡಲಿಲ್ಲ, ಪಿಯಾನೋ ನುಡಿಸಿದಾಕೆ ಹೊರಡುವಾಗ ನನ್ನನ್ನು ಒಮ್ಮೆ ತಿರುಗಿ ನೋಡಿದರು. ತಾವು ಮಾತ್ರ ವಂದನಾರ್ಪಣೆಯಲ್ಲಿ ಪಿಯಾನೋದ ಆ ಮೇಲಿನ ಸ್ವರಗಳನ್ನೇ ಎತ್ತಿ ಹೇಳಿ, ಮುತ್ತು ಉದುರಿದಂತಿತ್ತು ಎಂದಿರಿ, ಸಮಿತಿಯ ಹನ್ನೊಂದು ಮಂದಿಯೂ ತಲೆದೂಗಿದರು. ಮೇಲಿನದು ಕೆಟ್ಟಿದ್ದರೂ ತಮ್ಮಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಕೆಳಗಿನದು ಇಲ್ಲದೇ ಹೋದರೆ ಒಬ್ಬನಿಗಾದರೂ ಗೊತ್ತಾಗುತ್ತದೆ.