ಒಂದರಿಂದ ನಾಲ್ಕರವರೆಗೆ ಎದೆನೋವು

ನಮ್ಮ ವೈನಿಗೆ, ಅಂದರೆ ನನ್ನ ಅಣ್ಣನ ಹೆಂಡತಿಗೆ, ಎದೆನೋವು ಬರುವುದು ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ ಮಾತ್ರ. ಬೆಳಿಗ್ಗೆ ಬರುವುದಿಲ್ಲ, ಪೂಜೆಯಿದೆ. ಸಂಜೆ ಬರುವುದಿಲ್ಲ, ಸೀರಿಯಲ್ ಇದೆ. ನಡುವಿನ ಆ ಹೊತ್ತಿನಲ್ಲಿ ಪುಣೆಯ ಅಂಗಡಿಗಳೆಲ್ಲ ಬಾಗಿಲೆಳೆದು ಮಲಗಿರುತ್ತವೆ. ನಮ್ಮ ಫ್ಯಾಮಿಲಿ ಡಾಕ್ಟರೂ ಮಲಗಿರುತ್ತಾರೆ. ಎಚ್ಚರವಿದ್ದು ಮಾತಾಡಿಸುವ ಜಾಗ ಒಂದೇ, ಆಸ್ಪತ್ರೆಯ ಕ್ಯಾಜುವಲ್ಟಿ. ಹೃದಯಕ್ಕೆ ಇಷ್ಟೊಂದು ಪಂಕ್ಚುಯಾಲಿಟಿ! ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ನೋಡಿದ್ದರೆ ಪ್ರೈಜ್ ಕೊಡುತ್ತಿದ್ದರು.

ಅಣ್ಣನೂ ನನ್ನವರೂ ಹೋದ ಮೇಲೆ ನಾವಿಬ್ಬರೂ ಒಂದೇ ಫ್ಲ್ಯಾಟಿನಲ್ಲಿದ್ದೇವೆ. ಎದೆನೋವು ಶುರುವಾದೊಡನೆ ವೈನಿ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಡುತ್ತಾರೆ. ಆಮೇಲೆ ಪೌಡರ್.

"ವೈನಿ, ಎದಿ ನೋಯಾಕತ್ತದ ಅಂತೀರಿ, ಪೌಡರ್ ಯಾಕ್ರಿ?"

"ಬ್ಯಾನಿ ಮಾರಿ ತಗೊಂಡು ಹೋದ್ರ ಡಾಕ್ಟರ್ ಗಾಬರಿ ಆಗ್ತಾರವ್ವ. ಸಣ್ಣ ಹುಡುಗ್ರವು."

ಕ್ಯಾಜುವಲ್ಟಿಯ ನರ್ಸ್ "ಆಜಿ, ಆಜ್ ಕಾಯ್?" ಎನ್ನುತ್ತಾಳೆ, ತರಕಾರಿಯವಳು ಇವತ್ತೇನು ಬೇಕೆಂದು ಕೇಳುವ ಧಾಟಿಯಲ್ಲಿ. ಇಸಿಜಿಯ ಪಟ್ಟಿ ಹೊರಬಂದರೆ ವೈನಿ ಕನ್ನಡಕ ಏರಿಸುತ್ತಾರೆ. "ಹೋದ ಸಲದ್ದು ಭಾಳ ಚಲೋ ಬಂದಿತ್ತು. ಇದ್ಯಾಕೋ ಸಣ್ಣಗ ಬಂದದ. ಇನ್ನೊಂದು ತಗಸೂಣು?" ಫೋಟೋ ಸ್ಟುಡಿಯೋದಲ್ಲಿ ನಿಂತವರ ಹಾಗೆ! ಡಾಕ್ಟರು ನಾರ್ಮಲ್ ಎಂದರೆ ಮುಖ ಸಪ್ಪಗಾಗುತ್ತದೆ.

ವೈನಿಯ ಮಗನದು ಪುಣೆಯಿಂದ ಎರಡು ತಾಸಿನ ದಾರಿಯ ಶಿರೂರಿನಲ್ಲಿ ಗೊಬ್ಬರದ ಅಂಗಡಿ. ಪ್ರತಿ ಸಲವೂ ಆಸ್ಪತ್ರೆಯಿಂದ ಅವನಿಗೆ ಫೋನ್ ಹೋಗುತ್ತದೆ, ಅವನು ಅಂಗಡಿ ಬಿಟ್ಟು ಓಡಿ ಬರುತ್ತಾನೆ. ಒಮ್ಮೆ ತಾಳ್ಮೆ ತಪ್ಪಿತು.

"ಅವ್ವಾ, ಇನ್ನೊಂದ ಸಲ ಇಲ್ಲಿಗೆ ಬಂದಿ ಅಂದ್ರ ನಿನ್ನ ಸೀದಾ ಶಿರೂರಿಗೆ ಒಯ್ತೀನಿ. ಕಾಯಂ."

ನನ್ನ ಎದೆ ಧಸಕ್ಕೆಂದಿತು. ಆಮೇಲೆ ಆ ಮನೆಯಲ್ಲಿ ನಾನು ಯಾರೊಡನೆ ಜಗಳವಾಡಲಿ?

ಕೆಲವು ವಾರ ವೈನಿ ತಡೆದುಕೊಂಡರು. ಮಧ್ಯಾಹ್ನವಾದರೆ ಬಾಲ್ಕನಿಯಲ್ಲಿ ಕೂತು ಆಂಬುಲೆನ್ಸ್‌ಗಳನ್ನು ನೋಡುತ್ತಿದ್ದರು, ತವರಿಗೆ ಹೋಗುವ ಬಸ್ಸನ್ನು ನೋಡುವವರ ಹಾಗೆ. ಒಂದು ದಿನ ಥಟ್ಟನೆ ಎದ್ದರು.

"ನೀ ಪೇಶಂಟ್ ಆಗು. ನಾ ಜೋಡಿ ಬರ್ತೀನಿ. ನನ್ನ ಹೆಸರೇ ಬರಂಗಿಲ್ಲ."

"ನನಗೇನೂ ಆಗಿಲ್ಲರಿ, ವೈನಿ. ದಿಸ್ ಈಸ್ ಚೀಟಿಂಗ್."

"ಆಗ್ಯದೋ ಇಲ್ಲೋ ನಾ ಹೇಳ್ತೀನಿ. ಚಪ್ಪಲ್ ಹಾಕ್ಕೋ."

ಹಾಕಿಕೊಂಡೆ. ಅವರು ಒಬ್ಬರೇ ಹೋಗಿ ಸಿಕ್ಕಿಬಿದ್ದರೆ ಶಿರೂರೇ ಗತಿಯಲ್ಲವೇ?

ನಾನು ಬೆಡ್ಡಿನ ಮೇಲೆ, ವೈನಿ ಸ್ಟೂಲಿನ ಮೇಲೆ. ನರ್ಸಿಗೆ ಮರಾಠಿಯಲ್ಲಿ ನನ್ನ ಕಾಯಿಲೆಯನ್ನು ವರ್ಣಿಸತೊಡಗಿದರು. ನಾಲ್ಕು ಮೆಟ್ಟಿಲು ಹತ್ತಿದರೆ ನಿಂತುಬಿಡುತ್ತಾಳೆ, ಕೇಳಿದರೆ ವ್ಯೂ ನೋಡುತ್ತಿದ್ದೇನೆ ಅನ್ನುತ್ತಾಳೆ. ಎಡಗೈ ತಿಕ್ಕಿಕೊಳ್ಳುತ್ತಾಳೆ, ನಾನು ನೋಡಿದರೆ ಬಳೆ ಸರಿಮಾಡಿಕೊಂಡಂತೆ ನಟಿಸುತ್ತಾಳೆ. ತನ್ನ ದಿಂಬು ಸಾಲದೆ ನನ್ನದನ್ನೂ ಒಯ್ದಿದ್ದಾಳೆ, ಒರಗಿ ಕೂತೇ ನಿದ್ದೆ ಮಾಡುತ್ತಾಳೆ.

ವಾಟ್ ಇಮ್ಯಾಜಿನೇಶನ್ ಎಂದು ಮಲಗಿದಲ್ಲೇ ನಗುತ್ತಿದ್ದೆ. ಬರಬರುತ್ತ ನಗು ನಿಂತಿತು. ಅದರಲ್ಲಿ ಒಂದೂ ಸುಳ್ಳಲ್ಲ. ತಮ್ಮ ನಾಡಿಯೊಂದನ್ನು ಬಿಟ್ಟು ಜಗತ್ತಿನಲ್ಲಿ ಬೇರೇನನ್ನೂ ನೋಡದವರೆಂದು ನಾನು ತಿಳಿದಿದ್ದ ವೈನಿ ಇಷ್ಟನ್ನೆಲ್ಲ ಯಾವಾಗ ನೋಡಿದರು?

ಡಾಕ್ಟರು ನನ್ನ ಇಸಿಜಿ ನೋಡಿದರು. ಮತ್ತೆ ನೋಡಿದರು. ಸೀನಿಯರನ್ನು ಕರೆದರು. ಸಂಜೆಯ ಹೊತ್ತಿಗೆ ನಾನು ಅಡ್ಮಿಟ್.

ನಮ್ಮ ಮನೆಯದೆಂದು ಆಸ್ಪತ್ರೆಯವರ ಹತ್ತಿರ ಇದ್ದದ್ದು ಒಂದೇ ನಂಬರ್. ಶಿರೂರಿನಿಂದ ಮಗ ಬಂದೇಬಿಟ್ಟ, ಶರ್ಟಿನ ಮೇಲೆ ಗೊಬ್ಬರದ ಪುಡಿಯೊಂದಿಗೆ.

"ಸಾಕಾತು, ಅವ್ವಾ. ಅತ್ತೀಗೂ ಆರಾಮಿಲ್ಲ, ನಿನಗೂ ಇಲ್ಲ. ನಿನ್ನ ಯಾರು ನೋಡ್ಕೊಳ್ಳಾವ್ರು? ನಡಿ ಶಿರೂರಿಗೆ."

ವೈನಿ ಸ್ಟೂಲಿನಿಂದ ಏಳಲಿಲ್ಲ.

"ನನಗೇನಾಗ್ಯದ? ಗುಂಡಕಲ್ಲಿನಂಗ ಅದೀನಿ. ಬೇಕಾದ್ರ ಇಲ್ಲಿ ಯಾರನ್ನರ ಕೇಳು. ಅಕಿ ಮನಿಗೆ ಬಂದು ಆರಾಮಾಗೂತನಕ ನಾ ಎಲ್ಲಿಗೂ ಬರಂಗಿಲ್ಲ."

ಹಾಗೆಂದು ಚಾದರದೊಳಗೆ ಕೈ ತೂರಿಸಿ ನನ್ನ ಕೈ ಹಿಡಿದುಕೊಂಡರು. ಇನ್ನೊಂದು ಕೈ ತಮ್ಮ ಎದೆಯ ಮೇಲಿತ್ತು. ವೈನಿ ಅದನ್ನು ಯಾವ ನರ್ಸಿಗೂ ಹೇಳಲಿಲ್ಲ.